ಕಾಯಿಯೊಳಗೆ ನೀರಿತ್ತು

ನಮ್ಮ ವಿಜ್ಞಾನದ ಮೇಷ್ಟ್ರ ಅಂಗಿಯ ಬೆನ್ನಿನ ಮೇಲೆ, ಸೊಂಟಕ್ಕಿಂತ ಒಂದು ಗೇಣು ಮೇಲೆ, ಸದಾ ಬಿಳಿ ಬೆರಳಿನ ಅಚ್ಚುಗಳಿರುತ್ತಿದ್ದವು. ಬೋರ್ಡಿನ ಮೇಲೆ ಬರೆದು ಮುಗಿಸಿದ ಮರುಕ್ಷಣವೇ ಅವರ ಬಲಗೈ ಬೆನ್ನ ಹಿಂದೆ ಹೋಗಿಬಿಡುತ್ತಿತ್ತು. ಎಡಗೈ ಬಂದು ಅದರ ಮಣಿಕಟ್ಟನ್ನು ಹಿಡಿದುಕೊಳ್ಳುತ್ತಿತ್ತು. ಸೀಮೆಸುಣ್ಣದ ಧೂಳೆಲ್ಲ ಅಂಗಿಗೆ. ಪಾಠ ಮಾಡುವಾಗ, ಗದರುವಾಗ, ಪ್ರಾರ್ಥನೆಗೆ ನಿಂತಾಗ, ಸಂಜೆ ಮನೆಗೆ ನಡೆದು ಹೋಗುವಾಗಲೂ ಅದೇ ಭಂಗಿ. ಪೊಲೀಸರು ಹಿಡಿದುಕೊಂಡು ಹೋಗುತ್ತಿರುವ ಹಾಗೆ ಕಾಣುತ್ತಾರೆ ಎಂದು ನಾವು ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆವು. ಅವರ ಹೆಂಡತಿ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತ, "ಎಲ್ಲರ ಅಂಗಿ ಕಾಲರಲ್ಲಿ ಸವೀತದೆ, ನಿಮ್ಮ ಮೇಷ್ಟ್ರದ್ದು ಬೆನ್ನಲ್ಲಿ ಸವೀತದೆ ಕಣ್ರೇ" ಎಂದು ನಮ್ಮ ಹತ್ತಿರವೇ ದೂರುತ್ತಿದ್ದರು. ಆ ಕೈ ಹಾಗೆ ಹಿಂದೆ ಹೋಗುವುದಕ್ಕೊಂದು ಕಾರಣವಿದೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ತಿಪಟೂರಿನಿಂದ ತುರುವೇಕೆರೆ ಕಡೆಗೆ ಹೋಗುವ ಬಸ್ಸು ಐದು ನಿಮಿಷ ನಿಲ್ಲುವಂಥ ಊರು ನಮ್ಮದು. ಹೈಸ್ಕೂಲಿನ ಕಿಟಕಿಗೆ ಒರಗಿಕೊಂಡೇ ತೆಂಗಿನ ತೋಟ. ಕಾಯಿ ಬಿದ್ದ ಸದ್ದು ಕೇಳಿ ಯಾವ ಮೂಲೆಯ ಮರದ್ದು ಎಂದು ಹೇಳಬಲ್ಲ ಮಕ್ಕಳು ನಾವು. ಆದರೆ ಪರೀಕ್ಷೆಯಲ್ಲಿ ಪುಸ್ತಕದಲ್ಲಿದ್ದದ್ದನ್ನು ಕಣ್ಣುಮುಚ್ಚಿ ಬರೆದರೇ ನಂಬರು ಎಂಬುದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಮೇಷ್ಟ್ರ ಬಾಯಲ್ಲಿ ಒಂದೇ ಪ್ರಶ್ನೆ. "ಇದು ನೀನು ನೋಡಿದ್ದೋ, ಯಾರೋ ಹೇಳಿದ್ದೋ?" ಹಾವು ಹನ್ನೆರಡು ವರ್ಷ ದ್ವೇಷ ಇಟ್ಟುಕೊಳ್ಳುತ್ತದೆ ಎಂದರೂ ಇದೇ ಪ್ರಶ್ನೆ, ಭೂಮಿ ಗುಂಡಗಿದೆ ಎಂದರೂ ಇದೇ ಪ್ರಶ್ನೆ. ನಾಳೆ ಇನ್ಸ್‌ಪೆಕ್ಟರು ಬರುತ್ತಾರೆ ಎಂದು ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಹೇಳಿದಾಗಲೂ ಅವರಿಗೆ ಬಾಯಿ ತಡೆಯಲಿಲ್ಲ. ಯಾರೋ ಹೇಳಿದ್ದು ಎಂದರೆ ಬೈಯುತ್ತಿರಲಿಲ್ಲ. "ಸರಿ, ಹಾಗೇ ಹೇಳು. ಯಾರೋ ಹೇಳಿದ್ದು ಅಂತ ಸೇರಿಸಿ ಹೇಳು" ಎನ್ನುತ್ತಿದ್ದರು, ಅಷ್ಟೆ.

ಒಮ್ಮೆ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ಅಳೆಯಲು ಹಚ್ಚಿದರು. ನನ್ನ ಥರ್ಮಾಮೀಟರು ತೊಂಬತ್ತೇಳಕ್ಕೆ ಬಂದು ನಿಂತುಬಿಟ್ಟಿತು. ಎಷ್ಟು ಸೌದೆ ತುರುಕಿದರೂ ಮೇಲೇರದು. ಪುಸ್ತಕದಲ್ಲಿ ನೂರು ಅಂತಿದೆ, ನೂರು ಅಂತಲೇ ಬರೆದುಕೊಳ್ಳಲೇ ಎಂದು ಕೇಳಿದೆ. "ಕಂಡದ್ದು ಬರಿ. ಯಾಕೆ ಅಂತ ಆಮೇಲೆ ಹುಡುಕೋಣ" ಎಂದರು. ವಾರ ಕಳೆದ ಮೇಲೆ ನಮ್ಮ ಸೀಮೆ ಸಮುದ್ರಕ್ಕಿಂತ ಎಷ್ಟು ಎತ್ತರದಲ್ಲಿದೆ, ಎತ್ತರದಲ್ಲಿ ನೀರು ಯಾಕೆ ಬೇಗ ಕುದಿಯುತ್ತದೆ ಎಂದು ವಿವರಿಸಿದರು. ನಾನು ಅಳೆದದ್ದೇ ಸರಿ, ಇಡೀ ಪುಸ್ತಕ ಬೇರೆ ಎಲ್ಲಿಯದೋ ನೀರಿನ ಮಾತಾಡುತ್ತಿತ್ತು! ಅಂದು ಮನೆಗೆ ಹೋಗುವಾಗ ಕಾಲು ನೆಲದ ಮೇಲಿರಲಿಲ್ಲ. ಕಂಡದ್ದನ್ನು ಬರೆಯುವವಳು ನಾನು ಎಂಬ ಕೋಡು ಮೂಡಿತು. ಆ ಕೋಡು ಮುರಿದದ್ದೂ ಅವರ ಕೈಯಲ್ಲೇ.

ಅದು ಒಂದು ಸೋಮವಾರ. ಮೇಷ್ಟ್ರು ಎಂದೂ ಇಲ್ಲದ ಹಾಗೆ ಬಿಳಿ ಕೋಟು ಹಾಕಿಕೊಂಡು ಬಂದಿದ್ದರು. ಮೇಜಿನ ಮೇಲೆ ಒಂದು ಮರದ ಪೆಟ್ಟಿಗೆ, ಅದರ ಮುಖಕ್ಕೆ ಗಾಜು, ಗಾಜಿನೊಳಗೆ ಒಂದು ಮುಳ್ಳು, ಹೊರಗೆ ಎರಡು ವೈರು. ಬಾಗಿಲ ಬಳಿ ಸುಲಿದ ಕಾಯಿಗಳ ಗೋಣಿಚೀಲ. ಅದನ್ನು ಹೊತ್ತು ತಂದಿದ್ದ ಕಾಯಿ ಸುಲಿಯುವವರೊಬ್ಬರು ಹೊಸ್ತಿಲ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಅವರಿಗೆ ಎಡಗಿವಿ ಕೇಳಿಸದು. ಊರಿಗೆ ಊರೇ ಏಕವಚನದಲ್ಲಿ ಕೂಗುತ್ತಿದ್ದ ಆ ಮನುಷ್ಯನಿಗೆ ಮೇಷ್ಟ್ರೊಬ್ಬರೇ 'ನೀವು' ಎನ್ನುತ್ತಿದ್ದರು, ಮಾತಾಡುವಾಗ ತಪ್ಪದೆ ಅವರ ಬಲಕ್ಕೆ ಹೋಗಿ ನಿಲ್ಲುತ್ತಿದ್ದರು. ನಮಗೆ ಅದೂ ಒಂದು ನಗೆಯ ವಿಷಯವೇ ಆಗಿತ್ತು.

"ಈ ಯಂತ್ರ ದೊಡ್ಡ ಲ್ಯಾಬಿನಿಂದ ಬಂದಿದೆ" ಎಂದರು ಮೇಷ್ಟ್ರು. "ಕಾಯಿ ಕೊಬ್ಬರಿ ಆಗಿದೆಯೋ ಇಲ್ಲವೋ ಒಡೆಯದೇ ಹೇಳುತ್ತೆ. ಮುಳ್ಳು ಬಲಕ್ಕೆ ಹೋದರೆ ಆಗಿದೆ ಅಂತ. ಒಬ್ಬೊಬ್ಬರೇ ಬನ್ನಿ. ಕಾಯಿ ಅಲ್ಲಾಡಿಸಿ ನೋಡಿ, ವೈರು ಮುಟ್ಟಿಸಿ, ಒಡೀರಿ, ಪುಸ್ತಕದಲ್ಲಿ ಬರೀರಿ."

ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ನಮ್ಮ ಸೀಮೆಯವರಿಗೆ ಯಂತ್ರ ಹೇಳಬೇಕೇ? ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎಂದರೆ ಆಗಿದೆ, ಕುಳುಕ್ ಎಂದರೆ ಇನ್ನೂ ಇಲ್ಲ. ಮಾತು ಕಲಿಯುವ ಮೊದಲೇ ಈ ಎರಡು ಸದ್ದು ಕಲಿತಿರುತ್ತೇವೆ. ಅವಸರಕ್ಕೆ ಒಡೆದರೆ ಅದು ಅತ್ತ ಎಳನೀರು ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಆಗದ ಕಾಯಿ ಒಡೆದವರಿಗೆ ನಮ್ಮಜ್ಜಿ ಅವತ್ತು ಊಟ ಬಡಿಸುತ್ತಿರಲಿಲ್ಲ.

ನಾನು ಕ್ಲಾಸ್ ಲೀಡರು, ಮೊದಲ ಸರದಿ ನನ್ನದೇ. ಕಾಯಿ ಅಲ್ಲಾಡಿಸಿದೆ. ಕುಳುಕ್. ವೈರು ಮುಟ್ಟಿಸಿದೆ. ಮುಳ್ಳು ಬಲಕ್ಕೆ ಹೋಯಿತು.

"ಸಾರ್, ನೀರೈತೆ" ಎಂದೆ.

"ಮುಳ್ಳು ಬಲಕ್ಕಿದೆ. ಒಡಿ."

"ಕೇಳಿಸ್ತೈತೆ ಸಾರ್..."

"ಪ್ರಯೋಗ ಮುಂದುವರೀಬೇಕು. ಒಡಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೆದರಿಕೆಯಿರಲಿಲ್ಲ. ಕೋಟಿನ ಬಿಳುಪಿತ್ತು, ಪೆಟ್ಟಿಗೆಯ ಮುಳ್ಳಿತ್ತು, ಅಷ್ಟೆ. ನಾನು ಕಾಯಿಯನ್ನು ಕಲ್ಲಿಗೆ ಬಡಿದೆ. ನೀರು ನನ್ನ ಪಾದದ ಮೇಲೆಲ್ಲ ಚೆಲ್ಲಿತು. "ಬರ್ಕೋ, ನೀರಿಲ್ಲ, ಕೊಬ್ಬರಿ ಆಗಿದೆ" ಎಂದರು. ಒದ್ದೆ ಕೈಯಲ್ಲೇ ಪೆನ್ನು ಹಿಡಿದು, ನೀರಿಲ್ಲ, ಕೊಬ್ಬರಿ ಆಗಿದೆ ಎಂದು ಬರೆದೆ. ತೊಂಬತ್ತೇಳು ಡಿಗ್ರಿ ಬರೆದಿದ್ದ ಅದೇ ಪುಸ್ತಕದಲ್ಲಿ.

ನನ್ನ ಹಿಂದೆ ಒಬ್ಬೊಬ್ಬರೇ ಬಂದರು. ನೆಲ ಒದ್ದೆಯಾಗಿದ್ದು ಎಲ್ಲರಿಗೂ ಕಾಣುತ್ತಿತ್ತು. ಎಲ್ಲರೂ ಅಲ್ಲಾಡಿಸಿದರು, ಎಲ್ಲರಿಗೂ ಕೇಳಿಸಿತು, ಎಲ್ಲರೂ ಒಡೆದರು, ಬರೆದರು. ಹೊಸ್ತಿಲ ಮೇಲಿದ್ದ ಕಾಯಿ ಸುಲಿಯುವವರಿಗೆ ಕೂರಲಾಗಲಿಲ್ಲ. "ಮೇಷ್ಟ್ರೇ, ಇವು ಇನ್ನೂ ಆಗಿಲ್ಲ ಕಣ್ರೀ. ಸುಮ್ಕೆ ಯಾಕ್ ಹಾಳ್ ಮಾಡುಸ್ತೀರಾ?" ಎಂದರು. ಮೇಷ್ಟ್ರು ತಿರುಗಿ ನೋಡಲಿಲ್ಲ. ಇನ್ನೂ ನಾಲ್ಕು ಕಾಯಿ ಒಡೆದವು. ಈಗ ಅವರು ಎದ್ದು ನಿಂತು ನಮ್ಮನ್ನೇ ಕೂಗಿದರು. "ಲೇ ಮಕ್ಳಾ, ನಿಮ್ಗೂ ಕಿವಿ ಹೋಗೈತೇನ್ರೋ? ಬುಡ್ರೋ ಸಾಕು!" ಆ ಕೂಗು ಇವತ್ತಿಗೂ ಕೇಳಿಸುತ್ತದೆ. ಅವತ್ತು ಅದನ್ನು ಕೇಳಿಯೂ ನಾವು ಮೇಷ್ಟ್ರ ಮುಖ ನೋಡಿದೆವು, ಮೇಷ್ಟ್ರು ಮುಳ್ಳಿನ ಕಡೆ ನೋಡಿದರು, ಮುಂದಿನವನು ಕಾಯಿ ಎತ್ತಿದ.

ಕೊನೆಯ ಸರದಿ ಟೈಲರ್ ಸಾಹೇಬರ ಮಗಳದು. ಬಸ್ ಸ್ಟ್ಯಾಂಡಿನ ಪಕ್ಕ ಅವರಪ್ಪನ ಅಂಗಡಿ. ತೋಟವಿಲ್ಲ, ಅಟ್ಟವಿಲ್ಲ. ಕ್ಲಾಸಿನಲ್ಲಿ ಬಾಯಿ ಬಿಟ್ಟವಳಲ್ಲ. ಅವಳು ಕಾಯಿ ಅಲ್ಲಾಡಿಸಿ ಮೆಲ್ಲಗೆ ಮೇಜಿನ ಮೇಲೆ ಇಟ್ಟುಬಿಟ್ಟಳು.

"ನಾನ್ ಒಡೆಯಲ್ಲ ಸಾರ್."

"ಪ್ರಯೋಗ ಮುಂದುವರೀಬೇಕು."

"ಒಡೆಯಲ್ಲ ಸಾರ್. ನಂಗೆ ಕಾಯಿ ಗೊತ್ತಿಲ್ಲ. ನೀರಿನ ಸದ್ದು ಗೊತ್ತು."

ಮೇಷ್ಟ್ರು ಕೋಟು ಬಿಚ್ಚಿ ಮಡಿಸಿಟ್ಟರು. ಅದು ಆಸ್ಪತ್ರೆ ಕಾಂಪೌಂಡರ ಕೋಟಂತೆ. ವೈರುಗಳನ್ನು ಎತ್ತಿ ತೋರಿಸಿದರು, ಅವು ಪೆಟ್ಟಿಗೆಯೊಳಗೆ ಎಲ್ಲಿಗೂ ಸೇರಿರಲಿಲ್ಲ. ಮೇಜಿನ ಕೆಳಗೆ ಹಿಡಿದಿದ್ದ ಆಯಸ್ಕಾಂತವನ್ನು ಮೇಲಿಟ್ಟರು, ಮುಳ್ಳನ್ನು ಆಡಿಸುತ್ತಿದ್ದದ್ದು ಅದು. "ನಿಮಗೆ ಸುಳ್ಳು ಹೇಳಿದೆ. ತಪ್ಪಾಯ್ತು" ಎಂದರು. ಮೇಷ್ಟ್ರೊಬ್ಬರು ಮಕ್ಕಳಿಗೆ ತಪ್ಪಾಯ್ತು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಡ್ರಾಯರಿನಿಂದ ಬೆಲ್ಲದ ಪೊಟ್ಟಣ ತೆಗೆದು, ಒಡೆದ ಕಾಯಿ ಹಾಳಾಗಬಾರದು, ತಿನ್ನಿ ಎಂದರು. ಬೆಲ್ಲ ಮೊದಲೇ ತಂದಿದ್ದರು! ನಾವು ಒಡೆದೇ ಒಡೆಯುತ್ತೇವೆಂದು ಅವರಿಗೆ ಗೊತ್ತಿತ್ತು. ಆ ಬೆಲ್ಲವನ್ನು ನಾನು ಮುಟ್ಟಲಿಲ್ಲ.

ಅವತ್ತು ಅವರು ಜೇಬಿನಿಂದ ಮಡಿಕೆಗಳಲ್ಲಿ ಹರಿದುಹೋಗಿದ್ದ ಒಂದು ಪತ್ರಿಕೆಯ ಹಾಳೆ ತೆಗೆದು ಹೇಳಿದ ಕಥೆಯನ್ನು ನಾನು ಆಮೇಲೆ ದೊಡ್ಡ ಪುಸ್ತಕಗಳಲ್ಲೂ ಓದಿದ್ದೇನೆ. ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಒಬ್ಬ ಪ್ರೊಫೆಸರು ಸಾಮಾನ್ಯ ಜನರನ್ನು ಕರೆದು ಸ್ವಿಚ್ಚುಗಳ ಸಾಲಿನ ಮುಂದೆ ಕೂರಿಸಿದರು. ಗೋಡೆಯಾಚೆ ಒಬ್ಬ ಕೂತಿರುತ್ತಾನೆ, ಅವನು ಪಾಠ ತಪ್ಪಿದಾಗೆಲ್ಲ ಒಂದು ಸ್ವಿಚ್ಚು ಒತ್ತಬೇಕು, ಪ್ರತಿ ಸಲ ಕರೆಂಟು ಹೆಚ್ಚುತ್ತ ಹೋಗುತ್ತದೆ. ಆಚೆಯಿಂದ ಚೀರಾಟ, ಬಿಟ್ಟುಬಿಡಿ ಎಂಬ ಕೂಗು. ಒತ್ತುವವರಿಗೆ ಬೆವರು, ನಡುಕ. ಕೋಟು ಹಾಕಿದವನೊಬ್ಬ ಪಕ್ಕದಲ್ಲಿ ನಿಂತು, ದಯವಿಟ್ಟು ಮುಂದುವರಿಸಿ ಎನ್ನುತ್ತಾನೆ. ಅಷ್ಟಕ್ಕೇ ಅರ್ಧಕ್ಕಿಂತ ಹೆಚ್ಚು ಜನ ಕೊನೆಯ ಸ್ವಿಚ್ಚಿನವರೆಗೂ ಒತ್ತಿದರು. ಕರೆಂಟು ನಿಜವಾಗಿ ಇರಲಿಲ್ಲ, ಚೀರಾಟವೂ ನಾಟಕ. ಆದರೆ ಒತ್ತಿದ ಬೆರಳು ನಿಜ.

"ಅವರು ಕೆಟ್ಟೋರಾ ಸಾರ್?" ಎಂದು ಹಿಂದಿನ ಬೆಂಚಿನವನು ಕೇಳಿದ.

"ಅಲ್ಲ ಕಣಪ್ಪ. ನಿಮ್ಮಂಥೋರೇ."

ನನಗೆ ಒಳಗೊಳಗೇ ಕುದಿಯುತ್ತಿತ್ತು. ಎಲ್ಲರೆದುರು ಹೀಗೆ ಮಾಡಿದರಲ್ಲ ಎಂಬ ಸಿಟ್ಟು. "ಅಲ್ಲಿ ನೀವಿದ್ದಿದ್ರೆ ಏನ್ ಮಾಡ್ತಿದ್ರಿ ಸಾರ್?" ಎಂದೆ.

"ನಾನು ಕೊನೇ ಸ್ವಿಚ್ಚಿನವರೆಗೂ ಒತ್ತಿದೀನಿ ಕಣಮ್ಮ" ಎಂದರು. ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ಹೊಸ್ತಿಲ ಬಳಿ ಇದ್ದವರು ಮಾತ್ರ ಗೋಣಿಚೀಲ ಕೊಡವಿಕೊಂಡು ಹೊರಟುಹೋದರು.

ಅವತ್ತಿನಿಂದ ನನ್ನೊಳಗೆ ಒಂದು ಭಯ ಕೂತಿತು. ಇಂಥದು ಇನ್ನೊಂದು ಸಲ ಬಂದರೆ, ಕಾಯಿಯ ಬದಲು ಬೇರೇನಾದರೂ ಕೈಯಲ್ಲಿದ್ದರೆ, ನಾನು ಒಡೆಯುತ್ತೇನೋ ಬಿಡುತ್ತೇನೋ? ಅದಕ್ಕೆ ಉತ್ತರ ಸಿಗಲು ಹತ್ತು ವರ್ಷ ಬೇಕಾಯಿತು.

ನಾನು ನರ್ಸ್ ಆದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ಕೆಲಸ. ಒಂದು ಮಧ್ಯಾಹ್ನ ಕಾಲಿನ ಗಾಯ ಕೀವಾಗಿದ್ದ ಹೆಂಗಸೊಬ್ಬಳು ಬಂದಳು. ಡಾಕ್ಟರು ನೋಡಿ, ಪೆನ್ಸಿಲಿನ್ ಕೊಡಿ ಎಂದರು. ಕೊಡುವ ಮೊದಲು ಚರ್ಮದಡಿಗೆ ಒಂದು ಹನಿ ಚುಚ್ಚಿ, ಒಗ್ಗುತ್ತದೆಯೇ ಎಂದು ಕಾದು ನೋಡುವುದು ರೂಢಿ. ಆದರೆ ಹೊರಗೆ ಜೀಪು ನಿಂತಿತ್ತು, ಮೀಟಿಂಗಿಗೆ ಹೊತ್ತಾಗಿತ್ತು. "ಹೋದ ವರ್ಷ ತಗೊಂಡಿದ್ದಾಳೆ ರೀ, ಟೆಸ್ಟ್ ಬೇಡ. ನಾನು ನಿಂತಿರೋವಾಗಲೇ ಕೊಟ್ಟುಬಿಡಿ" ಎಂದರು. ನಾನು ಔಷಧ ಎಳೆದುಕೊಂಡೆ. ಆ ಹೆಂಗಸು ತೋಳು ಚಾಚುತ್ತ, "ಹೋದ್ಸಲ ಇದ್ ಹಾಕ್ದಾಗ ಮೈಯೆಲ್ಲ ದದ್ದೆದ್ದು ಉಸ್ರು ಕಟ್ಟಂಗಾಗಿತ್ತು ಕಣವ್ವ" ಎಂದಳು. ತಿರುಗಿ ಡಾಕ್ಟರಿಗೆ ಹೇಳಿದೆ.

"ಇವರು ಹೀಗೇ ಏನಾದ್ರೂ ಹೇಳ್ತಿರ್ತಾರೆ. ಕೊಡಿ."

"ಸಾರ್..."

"ಡಾಕ್ಟರು ನಾನೋ ನೀವೋ? ಕೊಡಿ ಅಂದೆ."

ನನ್ನ ಎಡಗೈ ಆಗಲೇ ಅವಳ ತೋಳನ್ನು ಹಿಡಿದಿತ್ತು. ಸಿರಿಂಜು ತೋಳಿನ ಹತ್ತಿರ ಬಂದಿತ್ತು. ಆಗ ನನ್ನ ಕಿವಿಯಲ್ಲಿ ಆ ಸದ್ದು ಕೇಳಿಸಿತು. ಕುಳುಕ್. ಆಣೆಯಾಗಿ ಹೇಳುತ್ತೇನೆ, ಕೇಳಿಸಿತು. ಪಾದ ಒದ್ದೆಯಾದ ಹಾಗಾಯಿತು. "ಟೆಸ್ಟ್ ಮಾಡದೆ ನಾನು ಕೊಡಲ್ಲ ಸಾರ್" ಎಂದೆ. ಡಾಕ್ಟರ ಮುಖ ಕೆಂಪಾಯಿತು. ಮೆಮೋ ಕೊಡುತ್ತೇನೆ ಎಂದರು. ನಾನು ಸಿರಿಂಜನ್ನು ಟ್ರೇಯಲ್ಲಿಟ್ಟು ಟೆಸ್ಟಿನ ಹನಿ ಚುಚ್ಚಿದೆ. ಹತ್ತು ನಿಮಿಷದೊಳಗೆ ಅಲ್ಲಿ ಅಂಗೈಯಗಲ ಕೆಂಪು ಗಂಧೆ ಎದ್ದಿತು. ಡಾಕ್ಟರು ಅದನ್ನು ಬಗ್ಗಿ ನೋಡಿದರು, ಬೇರೆ ಔಷಧ ಬರೆದರು, ಜೀಪಿನ ಡ್ರೈವರಿಗೆ ಇವತ್ತು ಹೋಗುವುದಿಲ್ಲ ಎಂದು ಹೇಳಿ ಕಳಿಸಿದರು. ಮೆಮೋ ಬರಲಿಲ್ಲ. ಕೆಟ್ಟವರಲ್ಲ ಅವರು.

ಭಾನುವಾರವೇ ಬಸ್ಸು ಹತ್ತಿ ಊರಿಗೆ ಹೋದೆ. ಮೇಷ್ಟ್ರು ರಿಟೈರಾಗಿದ್ದರು. ಜಗಲಿಯ ಮೇಲೆ ಕಾಯಿ ಸುಲಿಯುವವರ ಜೊತೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು, ಎಂದಿನಂತೆ ಅವರ ಬಲಕ್ಕೆ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಹೊಗಳುತ್ತಾರೆಂದು ಆಸೆಯಿತ್ತು. ಸುಳ್ಳೇಕೆ?

"ಗಂಧೆ ಎದ್ದದ್ದು ನೀನು ನೋಡಿದ್ದು. ಸರಿ" ಎಂದರು. "ಇಂಜೆಕ್ಷನ್ ಕೊಟ್ಟಿದ್ರೆ ಆಯಮ್ಮ ಸಾಯ್ತಿದ್ಲು ಅಂತ ಹೇಗೆ ಗೊತ್ತು?"

"...ಗೊತ್ತಿಲ್ಲ ಸಾರ್."

"ಗಂಧೆ ಏಳದೇ ಇದ್ದಿದ್ರೆ? ಡಾಕ್ಟರು ಹೇಳಿದ್ದೇ ಸರಿ ಆಗಿದ್ರೆ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

"ಆಗಲೂ ನೀನು ಮಾಡಿದ್ದು ಸರಿಯೇ ಕಣಮ್ಮ" ಎಂದರು. "ಗಂಧೆ ಎದ್ದಿದ್ದಕ್ಕೆ ಸರಿಯಾಗಿದ್ದಲ್ಲ. ನೀನು ಕೈ ತಡೆದೆಯಲ್ಲ, ಆಗಲೇ ಸರಿಯಾಗಿತ್ತು."

ಮೂರು ದಿನದಿಂದ ಗೆದ್ದೆ ಗೆದ್ದೆ ಎಂದು ಬೀಗುತ್ತಿದ್ದೆ. ಗೆದ್ದದ್ದು ಎಲ್ಲಿ ಎಂದು ಬೆರಳಿಟ್ಟು ತೋರಿಸಿದವರು ಅವರು.

ಆಮೇಲೆ ಅವರು ಕಡಲೆಕಾಯಿ ಮೊರ ಪಕ್ಕಕ್ಕೆ ಸರಿಸಿ, ನಾನು ಕೇಳದೆಯೇ ಹೇಳಿದರು. ಅದು ತುರುವೇಕೆರೆ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ, ಅವರ ಕೆಲಸದ ಮೊದಲ ವರ್ಷ. ಹೆಡ್‌ಮಾಸ್ಟರು ರುಮಾಲು ಸುತ್ತಿ, ಕೋಟು ತೊಟ್ಟು, ಕ್ಲಾಸು ನೋಡಲು ಬಂದು ಬಾಗಿಲಲ್ಲಿ ನಿಂತಿದ್ದರು. ಒಬ್ಬ ಹುಡುಗ ಮಗ್ಗಿ ತಪ್ಪಿದ. ಕೆನ್ನೆಗೆ ಒಂದು ಬಿಡಿ ಮೇಷ್ಟ್ರೇ ಎಂದರು ಹೆಡ್‌ಮಾಸ್ಟರು. ಬಿಟ್ಟರು. ಹುಡುಗ ಹೆದರಿ ಮತ್ತೆ ತಪ್ಪಿದ. ಇನ್ನೊಂದು ಎಂದರು. ಹೀಗೇ ಇನ್ನೊಂದು, ಇನ್ನೊಂದು.

"ಬಡೀತಾ ಬಡೀತಾ ನನ್ನ ಕಣ್ಣಲ್ಲೂ ನೀರು ಬರ್ತಿತ್ತು. ಆದರೂ ಬಡೀತಿದ್ದೆ. ಹುಡುಗನ ಕಿವಿಯಿಂದ ರಕ್ತ ಬಂತು. ಆಗಲೂ ಕೈ ನಾನಾಗಿ ನಿಲ್ಲಿಸಲಿಲ್ಲ. ಹೆಡ್‌ಮಾಸ್ಟರು ಸಾಕು ಅಂದರು, ಆಗ ನಿಂತಿತು." ಅವರು ಬಲಗೈಯನ್ನೊಮ್ಮೆ ನೋಡಿಕೊಂಡು ಬೆನ್ನ ಹಿಂದಕ್ಕೆ ಒಯ್ದರು. "ಆ ಅಮೆರಿಕದ ಪ್ರಯೋಗ ಓದಿದಾಗ, ಇವರು ನನ್ನ ಹೆಸರು ಹಾಕದೆ ನನ್ನ ಕಥೆ ಬರೆದಿದ್ದಾರಲ್ಲ ಅನ್ನಿಸ್ತು."

ಆ ಹುಡುಗ ಯಾರು ಎಂದು ಕೇಳಬೇಕಾಗಿರಲಿಲ್ಲ. ಪಕ್ಕದಲ್ಲಿ ಕೂತಿದ್ದವರು ಕಡಲೆಕಾಯಿ ಬಿಡಿಸುತ್ತಲೇ ನಕ್ಕರು. "ಇವ್ರು ಈ ಊರ್ಗೆ ಬಂದ್ಮ್ಯಾಕೆ ನನ್ನ ಹುಡುಕ್ಕಂಡು ನಮ್ಮಳ್ಳಿಗ್ ಬಂದು ಇಲ್ಗೆ ಕರ್ಕಂಡ್ ಬಂದ್ರು. ಅವತ್ನಿಂದ ಇದೇ ಹಾಡು. ನಾನ್ ಮರುತ್ರೂ ಇವ್ರು ಬುಡಾಕಿಲ್ಲ ಕಣವ್ವ. ಹೋಗ್ಲಿ ಬುಡಿ ಮೇಷ್ಟ್ರೇ, ಎಲ್ಡ್ ಕಿವಿ ಇದ್ದ ಮಕ್ಳು ಅವತ್ತೇನ್ ಕೇಳುಸ್ಕಂಡ್ರು?"

ನಾನು ತಲೆ ತಗ್ಗಿಸಿದೆ. ಮೂವರೂ ನಕ್ಕೆವು. ಆದರೆ ಬಸ್ಸಿನಲ್ಲಿ ಕೂತ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ತಾನು ಮಾಡಿದ ತಪ್ಪನ್ನು ಮನುಷ್ಯ ಮುಚ್ಚಿಡುತ್ತಾನೆ, ಇಲ್ಲವೇ ಅದಕ್ಕಾಗಿ ಅಳುತ್ತ ಕೂರುತ್ತಾನೆ. ಇವರು ಅದನ್ನು ಒಂದು ಪಾಠ ಮಾಡಿ, ಯಂತ್ರ ಮಾಡಿ, ಹದಿನೆಂಟು ಮಕ್ಕಳ ಕೈಗೆ ಒಂದೊಂದು ಕಾಯಿ ಕೊಟ್ಟರು. ಆ ಬೆರಗು ನನಗಿನ್ನೂ ಇಳಿದಿಲ್ಲ.

ಎರಡು ವರ್ಷದ ಮೇಲೆ, ನಾನು ಊರಿಗೆ ಬಂದಿದ್ದ ಒಂದು ಬೆಳಗ್ಗೆ, ಅವರ ಹೆಂಡತಿ ಹೇಳಿ ಕಳಿಸಿದರು. ಮೇಷ್ಟ್ರು ಚಾಪೆಯ ಮೇಲೆ ಅಂಗಾತ ಮಲಗಿದ್ದರು. ಎರಡೂ ಕೈ ಎದೆಯ ಮೇಲಿದ್ದವು, ಸುಮ್ಮನಿದ್ದಾಗ ಆ ಕೈಗಳನ್ನು ಮುಂದೆ ಕಂಡದ್ದು ನನಗೆ ಅದೇ ಮೊದಲು. ನಾಡಿ ಹಿಡಿದು ನೋಡಿದೆ, ಕಣ್ಣು ಬಿಡಿಸಿ ನೋಡಿದೆ. ಹೋಗಿದ್ದಾರೆ ಎಂದೆ. ಮನೆ ತುಂಬ ಅಳು ಎದ್ದಿತು. ಅಷ್ಟರಲ್ಲಿ ಕಾಯಿ ಸುಲಿಯುವವರು ಏದುಸಿರು ಬಿಡುತ್ತ ಬಂದರು.

"ಏನವ್ವ?"

"ಹೋಗ್ಬಿಟ್ರು ಅಣ್ಣ. ನಾಡಿ ನೋಡ್ದೆ."

"ನೀನ್ ಹೇಳಿದ್ದು ಸರಿ ಇರ್ಬೌದು ಕಣವ್ವ" ಎಂದರು ಅವರು, ನನ್ನ ಬಿಳಿ ಯೂನಿಫಾರಮ್ಮನ್ನು ನೆನೆದೋ ಏನೋ, ಕೈ ಮುಗಿದು. "ನಾನೂ ಒಂದ್ಸಲ ಕೇಳ್ತೀನಿ."

ನಾನು ಎದ್ದು ಜಾಗ ಬಿಟ್ಟೆ. ಅವರು ಮೊಣಕಾಲೂರಿ, ಮೇಷ್ಟ್ರ ಬಲಗೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ತಮ್ಮ ಬಲಗಿವಿಯನ್ನು ಅವರ ಎದೆಗೆ ಹಚ್ಚಿದರು. ಮನೆಯ ಅಳು ತಾನಾಗಿ ನಿಂತಿತು. ಎಷ್ಟೋ ಹೊತ್ತು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ತಲೆಯೆತ್ತಿ, "ಹೂಂ ಕಣವ್ವ. ಸದ್ದಿಲ್ಲ" ಎಂದರು. ಆಮೇಲೆಯೇ ಅವರು ಅತ್ತದ್ದು.